ಕ್ಯಾನ್ಸರ್ ನೋವು: ಔಷಧೇತರ ಶಮನದ ಇತಿಹಾಸ

ಕ್ಯಾನ್ಸರ್ ನೋವು ಗಡ್ಡೆ ನರವನ್ನೋ ಮೂಳೆಯನ್ನೋ ಒತ್ತುವುದರಿಂದ ಬರಬಹುದು; ಶಸ್ತ್ರಕ್ರಿಯೆ, ವಿಕಿರಣ, ಕೀಮೋಥೆರಪಿಗಳ ಪರಿಣಾಮವಾಗಿಯೂ ಬರಬಹುದು. ಅದನ್ನು ನೋವುನಿವಾರಕ ಮದ್ದಿಲ್ಲದೆ ತಗ್ಗಿಸುವ ವಿಧಾನಗಳಲ್ಲಿ ಅಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆ, ಸಂಮೋಹನ, ಮಸಾಜ್, ನೋವಿನ ಹಾದಿಯನ್ನೇ ಕತ್ತರಿಸುವ ಶಸ್ತ್ರಕ್ರಿಯೆ ಮುಖ್ಯವಾದವು. ಹುಟ್ಟಿದ ನೆಲ ಬೇರೆ ಬೇರೆಯಾದರೂ ಇವು ನಡೆದು ಬಂದ ದಾರಿ ಹೆಚ್ಚುಕಡಿಮೆ ಒಂದೇ. ಎಲ್ಲ ನೋವಿಗೂ ತಾನೇ ಮದ್ದು ಎಂದು ಹೊರಟಾಗಲೆಲ್ಲ ಇವು ಸೋತಿವೆ. ಯಾವ ನೋವು, ಯಾವ ರೋಗಿ, ಎಷ್ಟು ದಿನ ಎಂದು ಕೇಳಿ ಪರೀಕ್ಷಿಸಿದಾಗ ನೆಲೆ ಕಂಡುಕೊಂಡಿವೆ.

ಚೀನಾದಲ್ಲಿ ಕ್ರಿಸ್ತಪೂರ್ವ ಎರಡು–ಒಂದನೆಯ ಶತಮಾನಗಳ ಸುಮಾರಿಗೆ ರೂಪುಗೊಂಡ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥ ಸೂಜಿಚಿಕಿತ್ಸೆಗೆ ಶಾಸ್ತ್ರದ ಚೌಕಟ್ಟು ಒದಗಿಸಿತು. ಡಚ್ ವೈದ್ಯ ವಿಲೆಮ್ ಟೆನ್ ರೈನೆ ಜಪಾನಿನಲ್ಲಿ ಕಂಡು ಕಲಿತದ್ದನ್ನು 1683ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದಾಗ ಯೂರೋಪಿನ ವೈದ್ಯರಿಗೆ ಅದರ ವಿವರ ಸಿಕ್ಕಿತು. 1820ರ ದಶಕದಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೂಲ್ ಕ್ಲೋಕೆ ನರ ಮತ್ತು ಸ್ನಾಯುಗಳ ನೋವಿಗೆ ಸೂಜಿ ಚುಚ್ಚಿ ನೋಡಿದ. ಅವನೇ 1829ರಲ್ಲಿ ಸಂಮೋಹನಕ್ಕೆ ಒಳಗಾದ ಮಹಿಳೆಯೊಬ್ಬಳ ಕ್ಯಾನ್ಸರ್ ತಗಲಿದ ಸ್ತನವನ್ನು ಕೊಯ್ದು ತೆಗೆದ. ಆಕೆ ನರಳಲಿಲ್ಲವೆಂಬ ಅವನ ವರದಿಯನ್ನು ಸಹವೈದ್ಯರು ಸಂಶಯದಿಂದಲೇ ಕಂಡರು. 1845ರಿಂದ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಇದೇ ಉಪಾಯದಿಂದ ಭಾರಿ ಗಡ್ಡೆಗಳನ್ನು ತೆಗೆದ. ಆದರೆ 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆದ ಮೇಲೆ ಸಂಮೋಹನ ಬದಿಗೆ ಸರಿಯಿತು. ಈಥರ್ ಹೆಚ್ಚುಕಡಿಮೆ ಎಲ್ಲರ ಮೇಲೂ ಕೆಲಸ ಮಾಡುತ್ತಿತ್ತು, ಸಂಮೋಹನ ಕೆಲವರ ಮೇಲೆ ಮಾತ್ರ. ಕೆಲವರ ಮೇಲಾದರೂ ಏಕೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯೂ ಅದರೊಂದಿಗೇ ಮೂಲೆ ಸೇರಿತು. ಇದಕ್ಕೆ ವ್ಯತಿರಿಕ್ತವಾಗಿ, 1912ರಲ್ಲಿ ಅಮೆರಿಕದ ಸ್ಪಿಲ್ಲರ್ ಮತ್ತು ಮಾರ್ಟಿನ್ ವರದಿ ಮಾಡಿದ, ಬೆನ್ನುಹುರಿಯಲ್ಲಿ ನೋವನ್ನು ಒಯ್ಯುವ ತಂತುಗಳನ್ನು ಕತ್ತರಿಸುವ ವಿಧಾನ ದೇಹದ ಒಂದೇ ಮಗ್ಗುಲಿನ ಕ್ಯಾನ್ಸರ್ ನೋವಿಗೆ ಇಂದಿಗೂ ಅಲ್ಲಲ್ಲಿ ಬಳಕೆಯಲ್ಲಿದೆ. ತನ್ನ ಎಲ್ಲೆ ಯಾವುದೆಂಬುದು ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು.

ಸೂಜಿಚಿಕಿತ್ಸೆ ಮತ್ತೆ ಜಗತ್ತಿನ ಕಣ್ಣಿಗೆ ಬಿದ್ದದ್ದು 1971ರಲ್ಲಿ. ಪೀಕಿಂಗಿಗೆ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಅಪೆಂಡಿಕ್ಸ್ ಶಸ್ತ್ರಕ್ರಿಯೆ ಆಯಿತು. ಅರಿವಳಿಕೆಗೆ ಬಳಸಿದ್ದು ರೂಢಿಯ ಔಷಧವನ್ನೇ; ಸೂಜಿ ಬಂದದ್ದು ನಂತರದ ಹೊಟ್ಟೆಯುಬ್ಬರಕ್ಕೆ. ಆದರೂ ಸೂಜಿಯಿಂದಲೇ ಶಸ್ತ್ರಕ್ರಿಯೆ ನಡೆಯಿತೆಂಬ ದಂತಕತೆ ಊರೆಲ್ಲ ಹಬ್ಬಿತು. ಅದು ಹುಟ್ಟಿಸಿದ ಕುತೂಹಲಕ್ಕೆ ವಿಜ್ಞಾನದ ಆಧಾರ ಆಗಲೇ ಸಿದ್ಧವಾಗುತ್ತಿತ್ತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್, ಬೆನ್ನುಹುರಿಯಲ್ಲೊಂದು ಬಾಗಿಲಿದ್ದಂತೆ, ಸ್ಪರ್ಶದ ಸಂಕೇತಗಳು ಅದನ್ನು ಮುಚ್ಚಿ ನೋವನ್ನು ತಡೆಯಬಲ್ಲವು ಎಂದು ವಾದಿಸಿದ್ದರು. 1975ರಲ್ಲಿ ಅಬರ್ಡೀನಿನ ಹ್ಯೂಸ್ ಮತ್ತು ಕೊಸ್ಟರ್ಲಿಟ್ಸ್ ದೇಹವೇ ತಯಾರಿಸುವ ಅಫೀಮಿನಂಥ ಎನ್‌ಕೆಫಲಿನ್‌ಗಳನ್ನು ಗುರುತಿಸಿದರು. ಅಫೀಮಿನ ಪ್ರಭಾವ ಅಳಿಸುವ ನಲೋಕ್ಸೋನ್ ಕೊಟ್ಟರೆ ಸೂಜಿಯ ಶಮನವೂ ಅಳಿಯುತ್ತದೆಂದು 1977ರಲ್ಲಿ ಮೇಯರ್ ಮತ್ತು ಸಂಗಡಿಗರು ತೋರಿಸಿದರು. ಇತ್ತ ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವಿನಲ್ಲಿ ದೇಹದ ಜೊತೆ ಮನಸ್ಸು, ಸಂಬಂಧ, ನಂಬಿಕೆಗಳ ಪಾಲೂ ಇದೆ ಎಂದು ವಿವರಿಸಿ ಅದನ್ನು ಸಮಗ್ರ ನೋವು ಎಂದು ಕರೆದರು. ಅದೇ ಸಾಂಡರ್ಸ್ ಮಾರ್ಫಿನನ್ನು ಹೊತ್ತುಹೊತ್ತಿಗೆ ತಪ್ಪದೆ ಕೊಡಬೇಕೆಂದು ಪಟ್ಟು ಹಿಡಿದವರೂ ಹೌದೆಂಬುದನ್ನು ಮರೆಯಬಾರದು.

ಚಿಕಿತ್ಸೆಗಳ ನಿಜವಾದ ಒರೆಗಲ್ಲು ಈ ಶತಮಾನದ್ದು. 2003ರಲ್ಲಿ ಫ್ರಾನ್ಸಿನಲ್ಲಿ, ಮದ್ದು ನಡೆಯುತ್ತಿದ್ದರೂ ನೋವು ನಿಲ್ಲದ 90 ಕ್ಯಾನ್ಸರ್ ರೋಗಿಗಳಲ್ಲಿ ಕಿವಿಯ ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರ ನೋವು ಎರಡು ತಿಂಗಳಲ್ಲಿ 36% ಇಳಿಯಿತು. ಉಳಿದವರದು 2% ಮಾತ್ರ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಇನ್ನೂ ನಿಖರ. ಸ್ತನ ಕ್ಯಾನ್ಸರಿಗೆ ಕೊಡುವ ಅರೋಮಟೇಸ್ ತಡೆಮದ್ದಿನಿಂದ ಕೀಲುನೋವು ಬಂದ 226 ಮಹಿಳೆಯರಲ್ಲಿ ಆರು ವಾರಗಳ ನಂತರ ಹತ್ತರ ಅಳತೆಯಲ್ಲಿ ನಿಜವಾದ ಸೂಜಿ 2.05, ಹುಸಿಸೂಜಿ 1.07, ಬರಿಯ ಕಾಯುವಿಕೆ 0.99 ಅಂಕದಷ್ಟು ನೋವು ಇಳಿಸಿದವು. ಮಸಾಜಿನ ಕಥೆ ಇನ್ನಷ್ಟು ವಿನಯದ್ದು: 2008ರ ಅಧ್ಯಯನದಲ್ಲಿ ರೋಗ ಬಲಿತ 380 ಮಂದಿಯಲ್ಲಿ ಮಸಾಜ್ ಮಾಡಿಸಿಕೊಂಡವರಿಗೆ ತಕ್ಷಣ ಹಾಯೆನಿಸಿತು, ಅದು ಬಹುಕಾಲ ಉಳಿಯಲಿಲ್ಲ.

ಇದೆಲ್ಲ ಬರಿಯ ನಂಬಿಕೆಯ ಫಲ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ: ನಿಜಸೂಜಿಗೂ ಹುಸಿಸೂಜಿಗೂ ಇರುವ ಅಂತರ ಒಂದೇ ಅಂಕದ ಸುಮಾರಿನದು, ಸೂಜಿ ಹಾಕುವವರಿಗೆ ತಾವು ಹಾಕುವುದು ಯಾವುದೆಂದು ಗೊತ್ತಿರುತ್ತದೆ. ಆದರೆ ಮೇಲಿನ ಪ್ರಯೋಗದಲ್ಲಿ ಹುಸಿಸೂಜಿ ಕಾಯುವಿಕೆಗಿಂತ ಹೆಚ್ಚೇನೂ ಮಾಡಲಿಲ್ಲ. ಎಲ್ಲವೂ ನಂಬಿಕೆಯೇ ಆಗಿದ್ದರೆ ಅವೆರಡರ ನಡುವೆಯೂ ಅಂತರ ಕಾಣಬೇಕಿತ್ತು. ಸೂಜಿ ಫಲ ಕೊಟ್ಟರೆ 'ಚಿ' ಎಂಬ ಪ್ರಾಣಶಕ್ತಿಯ ಸಿದ್ಧಾಂತ ನಿಜವಾಯಿತೆಂದು ಅರ್ಥವಲ್ಲ ಎಂಬುದೂ ಅಷ್ಟೇ ಸತ್ಯ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಇವನ್ನು ನಂಬಿದವರು ಮಾರ್ಫಿನನ್ನೋ ಕ್ಯಾನ್ಸರ್ ಚಿಕಿತ್ಸೆಯನ್ನೋ ಕೈಬಿಟ್ಟರೆ? ಭಾರತದಲ್ಲಿ ಈ ಭಯ ನಿರಾಧಾರವಲ್ಲ. 1985ರ ಮಾದಕವಸ್ತು ಕಾಯ್ದೆಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿ, 2014ರಲ್ಲಿ ತಿದ್ದುಪಡಿ ಬೇಕಾಯಿತು. ಮದ್ದು ಸಿಗದ ಕಡೆ ಸೂಜಿ ತೋರಿಸುವುದು ಕೊರತೆಯನ್ನು ಮುಚ್ಚುವ ಪರದೆಯಾದೀತು. ಮೇಲೆ ಹೇಳಿದ ಕಿವಿಸೂಜಿಯ ಪ್ರಯೋಗ ನಡೆದದ್ದೂ ಮದ್ದು ನಿಲ್ಲಿಸಿದವರ ಮೇಲಲ್ಲ, ಅದನ್ನು ತೆಗೆದುಕೊಳ್ಳುತ್ತಿದ್ದವರ ಮೇಲೆ. ರಕ್ತಕಣಗಳು ತೀರ ಕುಸಿದವರಿಗೆ ಸೂಜಿಯಿಂದ ಸೋಂಕು, ರಕ್ತಸ್ರಾವಗಳ ಅಪಾಯವೂ ಇದೆ.

2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಮತ್ತು ಸಮಗ್ರ ಕ್ಯಾನ್ಸರ್ ಚಿಕಿತ್ಸಾ ಸಂಘ ಜೊತೆಯಾಗಿ ಹೊರಡಿಸಿದ ಮಾರ್ಗಸೂಚಿ ಈ ವಿಧಾನಗಳಿಗೆ ಒಂದೊಂದಾಗಿ ಎಡೆ ಗುರುತಿಸಿತು: ಅರೋಮಟೇಸ್ ತಡೆಮದ್ದಿನ ಕೀಲುನೋವಿಗೆ ಸೂಜಿಚಿಕಿತ್ಸೆ, ತಪಾಸಣೆ ಮತ್ತು ಚಿಕಿತ್ಸಾಕ್ರಮಗಳ ವೇಳೆಯ ನೋವಿಗೆ ಸಂಮೋಹನ, ಉಪಶಾಮಕ ಆರೈಕೆಯಲ್ಲಿರುವವರಿಗೆ ಮಸಾಜ್.