ಲೇಹ್ – ಕಾರ್ಗಿಲ್: ಪ್ರಯಾಣದ ದೂರ ಮತ್ತು ಅವಧಿ

ಲಡಾಖ್ ಪ್ರದೇಶವು 2019ರ ಅಕ್ಟೋಬರ್ 31ರಂದು ಕೇಂದ್ರಾಡಳಿತ ಪ್ರದೇಶವಾಯಿತು. ಲೇಹ್ ಮತ್ತು ಕಾರ್ಗಿಲ್ ಇದರ ಎರಡು ಪ್ರಮುಖ ಪಟ್ಟಣಗಳು. ಶಿಕ್ಷಣ, ಚಿಕಿತ್ಸೆ ಹಾಗೂ ಕಚೇರಿ ಕೆಲಸಗಳ ನಿಮಿತ್ತ ಈ ಎರಡು ಪಟ್ಟಣಗಳ ನಡುವೆ ಸಂಚರಿಸುವವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ದೂರ

ಎರಡು ಪಟ್ಟಣಗಳ ನಡುವಿನ ನೇರ ವೈಮಾನಿಕ ಅಂತರ ಸುಮಾರು 140 ಕಿ.ಮೀ. ರಸ್ತೆಯ ಮೂಲಕ ಈ ದೂರವು ಸುಮಾರು 215 ಕಿ.ಮೀ. ಆಗುತ್ತದೆ. ರಸ್ತೆಯು ಪರ್ವತಗಳನ್ನು ಬಳಸಿ ಸಾಗುವುದೇ ಈ ವ್ಯತ್ಯಾಸಕ್ಕೆ ಕಾರಣ.

ರಸ್ತೆ ಮಾರ್ಗ

ಶ್ರೀನಗರ–ಲೇಹ್ ರಾಷ್ಟ್ರೀಯ ಹೆದ್ದಾರಿಯು ಲೇಹ್‌ನಿಂದ ಸಿಂಧೂ ನದಿಯ ಕಣಿವೆಯಲ್ಲಿ ನಿಮ್ಮೂ ಮತ್ತು ಸಸ್ಪೋಲ್ ಮೂಲಕ ಖಾಲ್ಸಿ ತಲುಪುತ್ತದೆ. ಖಾಲ್ಸಿಯ ನಂತರ ಸಿಂಧೂ ನದಿಯನ್ನು ಬಿಟ್ಟು ಲಾಮಾಯೂರು ಮಾರ್ಗವಾಗಿ ಏರುತ್ತದೆ. 4,108 ಮೀಟರ್ ಎತ್ತರದ ಫೋಟು ಲಾ ಈ ಹೆದ್ದಾರಿಯ ಅತ್ಯುನ್ನತ ಸ್ಥಳ. ಅಲ್ಲಿಂದ ಮುಂದೆ ನಮಿಕಾ ಲಾ ಕಣಿವೆದಾರಿಯನ್ನು ದಾಟಿ, ಮುಲ್ಬೇಖ್ ಮೂಲಕ ಕಾರ್ಗಿಲ್ ಸೇರುತ್ತದೆ. ಹವಾಮಾನ ಅನುಕೂಲಕರವಾಗಿದ್ದಲ್ಲಿ ಲಘು ವಾಹನದಲ್ಲಿ 5ರಿಂದ 6 ಗಂಟೆ ಬೇಕಾಗುತ್ತದೆ. ಹಿಮಪಾತ ಅಥವಾ ಭೂಕುಸಿತದ ಸಂದರ್ಭದಲ್ಲಿ ಸಂಚಾರವನ್ನು ತಡೆಹಿಡಿಯಲಾಗುವುದು. ಕಾರ್ಗಿಲ್‌ನ ಪಶ್ಚಿಮಕ್ಕಿರುವ ಜೋಜಿ ಲಾ ಚಳಿಗಾಲದಲ್ಲಿ ಮುಚ್ಚುವುದರಿಂದ, ಆಗ ಶ್ರೀನಗರದ ರಸ್ತೆ ಸಂಪರ್ಕ ಕಡಿತಗೊಳ್ಳುತ್ತದೆ.

ವಾಯು ಮಾರ್ಗ

ಈ ಎರಡು ಪಟ್ಟಣಗಳ ನಡುವೆ ನಿಯಮಿತ ವಾಣಿಜ್ಯ ವಿಮಾನ ಸೇವೆ ಇರುವುದಿಲ್ಲ. ಗಂಟೆಗೆ 400 ಕಿ.ಮೀ. ವೇಗದ ವಿಮಾನವು 140 ಕಿ.ಮೀ. ಅಂತರವನ್ನು 21 ನಿಮಿಷಗಳಲ್ಲಿ ಕ್ರಮಿಸಬಲ್ಲದು. ಏರುವ ಮತ್ತು ಇಳಿಯುವ ಸಮಯ ಸೇರಿದರೆ ಸುಮಾರು ಅರ್ಧ ಗಂಟೆ ಎಂದು ಅಂದಾಜಿಸಬಹುದು. ಜೋಜಿ ಲಾ ಮುಚ್ಚಿರುವ ತಿಂಗಳುಗಳಲ್ಲಿ ಭಾರತೀಯ ವಾಯುಪಡೆಯ ಎಎನ್-32 ವಿಮಾನಗಳು 'ಕಾರ್ಗಿಲ್ ಕೊರಿಯರ್' ಹೆಸರಿನಲ್ಲಿ ಕಾರ್ಗಿಲ್‌ನಿಂದ ಶ್ರೀನಗರ ಮತ್ತು ಜಮ್ಮುವಿಗೆ ರೋಗಿಗಳು, ವಿದ್ಯಾರ್ಥಿಗಳು ಹಾಗೂ ಇತರ ನಾಗರಿಕರನ್ನು ಸಾಗಿಸುತ್ತಾ ಬಂದಿವೆ.

ಲೇಹ್ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ 3,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಇಂಜಿನ್‌ನ ಬಲವೂ ರೆಕ್ಕೆಗಳ ಎತ್ತುಬಲವೂ ಕುಗ್ಗುತ್ತವೆ. ಮಧ್ಯಾಹ್ನದ ನಂತರ ಪರ್ವತ ಮಾರುತಗಳು ಬಲಗೊಳ್ಳುವುದರಿಂದ ವಿಮಾನಗಳು ಹೆಚ್ಚಾಗಿ ಬೆಳಗಿನ ವೇಳೆಯಲ್ಲಿ ಹಾರಾಟ ನಡೆಸುತ್ತವೆ. ಮೋಡ ಕವಿದಲ್ಲಿ ಹಾರಾಟ ರದ್ದಾಗುವ ಸಂಭವವಿರುತ್ತದೆ.

ಪ್ರಯಾಣಿಕರು ಗಮನಿಸಬೇಕಾದ ಅಂಶಗಳು

1. ಸಂದರ್ಶನ, ಪರೀಕ್ಷೆ ಅಥವಾ ಚಿಕಿತ್ಸೆಗೆ ನಿಗದಿತ ದಿನಾಂಕವಿದ್ದಲ್ಲಿ, ಕನಿಷ್ಠ ಎರಡು ದಿನ ಮುಂಚಿತವಾಗಿ ತಲುಪುವಂತೆ ಪ್ರಯಾಣವನ್ನು ಯೋಜಿಸುವುದು ಸೂಕ್ತ.

2. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಲೇಹ್ ಪಟ್ಟಣವು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕರ್ನಾಟಕದಿಂದ ವಿಮಾನದಲ್ಲಿ ತೆರಳುವವರು ಲೇಹ್ ತಲುಪಿದ ಬಳಿಕ ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಪಡೆಯತಕ್ಕದ್ದು.

3. ಕಾರ್ಗಿಲ್ ಪಟ್ಟಣವು ಲೇಹ್‌ಗಿಂತ ತಗ್ಗಿನಲ್ಲಿದ್ದರೂ ಅಲ್ಲಿಗೆ ತಲುಪಲು ಫೋಟು ಲಾ ಏರಲೇಬೇಕು. ಆದ್ದರಿಂದ ತೀವ್ರ ತಲೆನೋವು, ವಾಂತಿ, ಉಸಿರಾಟದ ತೊಂದರೆ ಅಥವಾ ಗೊಂದಲದ ಸ್ಥಿತಿ ಕಂಡುಬಂದವರನ್ನು ವೈದ್ಯರ ಸಲಹೆಯಿಲ್ಲದೆ ಈ ರಸ್ತೆಯಲ್ಲಿ ಕರೆದೊಯ್ಯಬಾರದು. ತಕ್ಷಣ ಲೇಹ್‌ನ ಆಸ್ಪತ್ರೆಗೆ ದಾಖಲಿಸಬೇಕು.

4. ಹೊರಡುವ ದಿನ ಬೆಳಿಗ್ಗೆ ರಸ್ತೆಯ ಸ್ಥಿತಿಯನ್ನು ಸ್ಥಳೀಯ ಪೊಲೀಸ್ ಅಥವಾ ಜಿಲ್ಲಾಡಳಿತದಿಂದ ತಪ್ಪದೇ ಖಚಿತಪಡಿಸಿಕೊಳ್ಳತಕ್ಕದ್ದು.