ಕುದುರೆಮುಖ: ಬೆಟ್ಟ ಉಳಿಯಿತು, ಬೆಟ್ಟದವರು?

ಕುದುರೆಮುಖ ಅಂದ ತಕ್ಷಣ ನಿಮ್ಮ ಕಣ್ಮುಂದೆ ಏನು ಬರುತ್ತೆ? ಹಸಿರು ಗುಡ್ಡ, ಮಂಜು, ಟ್ರೆಕ್ಕಿಂಗು, ಮೊಬೈಲಲ್ಲಿ ರೀಲ್ಸು. ಸರಿ, ನೋಡೋಕೆ ಚೆಂದ. ಆದರೆ ಆ ಹಸಿರಿನ ಹಿಂದೆ ದೊಡ್ಡ ಜಗಳದ ಇತಿಹಾಸವಿದೆ ಸ್ವಾಮಿ. ಅದರಲ್ಲಿ ಇರಾನಿನ ಶಾ ಇದ್ದಾನೆ, ಸುಪ್ರೀಂ ಕೋರ್ಟ್ ಇದೆ, ಒಂದು ಕಪ್ಪು ಕೋತಿ ಇದೆ. ಯಾರ ಲೆಕ್ಕಕ್ಕೂ ಸಿಗದ ಒಂದಷ್ಟು ಮನುಷ್ಯರೂ ಇದ್ದಾರೆ.

ಮೊದಲು ಬೆಟ್ಟವನ್ನು ನೋಡೋಣ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರು ಜಿಲ್ಲೆ ಸೇರುವ ಜಾಗ. ಶಿಖರದ ಎತ್ತರ ಸುಮಾರು 1,890 ಮೀಟರ್. ಮಳೆಗಾಲ ಬಂತೆಂದರೆ ಬೆಟ್ಟವೇ ಕಾಣದಂಥ ಮಳೆ. ಮೇಲೆ ಬೋಳು ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಹುಲ್ಲು ನೀರು ಹಿಡಿಯುತ್ತೆ, ಕಾಡು ಅದನ್ನು ನಿಧಾನವಾಗಿ ಬಿಡುತ್ತೆ. ಹಾಗಾಗಿಯೇ ಬೇಸಿಗೆಯಲ್ಲೂ ಇಲ್ಲಿನ ಹಳ್ಳಗಳು ಬತ್ತೋದಿಲ್ಲ. ತುಂಗೆ, ಭದ್ರೆ, ನೇತ್ರಾವತಿ, ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದಲ್ಲಿ ಅಂತ ನಾವು ನಂಬಿಕೊಂಡು ಬಂದಿದ್ದೇವೆ. ದಾವಣಗೆರೆಯ ಭತ್ತದ ಗದ್ದೆಗೂ, ಮಂಗಳೂರಿನ ನಲ್ಲಿಗೂ ಈ ಬೆಟ್ಟದ ನೀರೇ ಬೇಕು.

ಆದರೆ ಸರ್ಕಾರಿ ಫೈಲಿಗೆ ಕಂಡಿದ್ದು ನೀರಲ್ಲ, ಕಬ್ಬಿಣ. 1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಅದಿರು ಇರುವುದನ್ನು ಗುರುತಿಸಿದ್ದರು. 1969ರಲ್ಲಿ 30 ವರ್ಷದ ಗಣಿ ಗುತ್ತಿಗೆ ಆಯಿತು. ವಿಸ್ತಾರ ಸುಮಾರು 4,600 ಹೆಕ್ಟೇರ್. 1975ರ ನವೆಂಬರ್, ಅಂದರೆ ತುರ್ತು ಪರಿಸ್ಥಿತಿಯ ಕಾಲ, ಇರಾನಿನ ಜೊತೆ ಒಪ್ಪಂದವಾಯಿತು. ಅವರು 63 ಕೋಟಿ ಡಾಲರ್ ಸಾಲ ಕೊಡಬೇಕು, ನಾವು ಅದಿರು ಕಳಿಸಬೇಕು. ಮರುವರ್ಷವೇ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು.

ಆಮೇಲೆ ಏನಾಯ್ತು ಗೊತ್ತಾ? 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಶಾ ದೇಶ ಬಿಟ್ಟು ಓಡಿದ. ಪೂರ್ತಿ ಹಣ ಬರಲಿಲ್ಲ, ಅದಿರನ್ನು ಕೊಳ್ಳುವವರೂ ಇಲ್ಲ. ಅಷ್ಟರಲ್ಲಿ ಇಲ್ಲಿ ಬೆಟ್ಟ ಅಗೆದಾಗಿತ್ತು, ಊರು ಕಟ್ಟಿಯಾಗಿತ್ತು. ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿ ಗಣಿ ಶುರು ಮಾಡಿದರು. ಇಲ್ಲಿನದು ಕಡಿಮೆ ದರ್ಜೆಯ ಅದಿರು. ಪುಡಿ ಮಾಡಿ, ತೊಳೆದು, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗಾಗಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು! ಕುಡಿಯೋಕಲ್ಲ, ಬೇಸಾಯಕ್ಕಲ್ಲ, ಕೆಸರು ತುಂಬೋಕೆ.

ಈಗ ಆ ಕಪ್ಪು ಕೋತಿಯ ವಿಷಯಕ್ಕೆ ಬರೋಣ. ಅದರ ಹೆಸರು ಸಿಂಗಳೀಕ. ಮೈ ಕಪ್ಪು, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮರದ ಮೇಲೇ ಹುಟ್ಟಿ, ಮರದ ಮೇಲೇ ಬಾಳುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದರ ದಾರಿಯೇ ಕಡಿದುಹೋಯಿತು ಅಂತ ಅರ್ಥ. 1983-84ರಲ್ಲಿ ಡಾ. ಉಲ್ಲಾಸ ಕಾರಂತರು ಕರ್ನಾಟಕದ ಕಾಡುಗಳಲ್ಲಿ ಸಿಂಗಳೀಕದ ಸಮೀಕ್ಷೆ ಮಾಡಿದರು. ಈ ಕಾಡನ್ನು ಉಳಿಸಲೇಬೇಕು ಅನ್ನುವ ವಾದಕ್ಕೆ ಬಲ ಬಂತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನ ಎನಿಸಿತು. ಹುಲಿ, ಕಾಟಿ, ಕಡವೆ, ಮಂಗಟ್ಟೆ ಹಕ್ಕಿ, ಎಲ್ಲಕ್ಕೂ ಸಿಂಗಳೀಕವೇ ವಕೀಲ ಆಯಿತು ನೋಡಿ!

ಒಂದು ಕಡೆ ಉದ್ಯಾನ, ಇನ್ನೊಂದು ಕಡೆ ಗಣಿಯ ಸಿಡಿಮದ್ದು. 1999ಕ್ಕೆ ಗುತ್ತಿಗೆ ಮುಗಿಯಿತು. ಕಂಪನಿ ಇನ್ನಷ್ಟು ವರ್ಷ ಕೊಡಿ ಅಂದಿತು. ಕೆಲಸಗಾರರಿಗೆ ಹೊಟ್ಟೆಪಾಡಿನ ಚಿಂತೆ, ಭದ್ರಾ ಬಯಲಿನ ರೈತರಿಗೆ ಹೂಳಿನ ಚಿಂತೆ. ನಾಗರಹೊಳೆಯಲ್ಲಿ ಕಾಡು ಕಾದು ನಿವೃತ್ತರಾಗಿದ್ದ ರೇಂಜರ್ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್. ಒಂದು ಸರ್ಕಾರಿ ಕಂಪನಿಯ ಎದುರು ಕಾಡು ಗೆದ್ದ ಅಪರೂಪದ ದಿನ ಅದು.

ಇಲ್ಲಿಗೆ ಕಥೆ ಮುಗಿಸಿಬಿಟ್ಟರೆ ಎಷ್ಟು ಚೆಂದ ಅಲ್ವಾ? ಮುಗಿಯಲ್ಲ.

ಆ ಕಾಡಿನಲ್ಲಿ ಮಲೆಕುಡಿಯರು ಅನ್ನುವ ಬುಡಕಟ್ಟಿನವರಿದ್ದಾರೆ. ತುಳು ಮಾತಾಡುವ ಜನ. ಜೇನು, ಸೀಗೆ, ರಾಮಪತ್ರೆ ಸಂಗ್ರಹಿಸಿ, ಬುಟ್ಟಿ ಹೆಣೆದು, ಏಲಕ್ಕಿ ತೋಟಗಳಲ್ಲಿ ದುಡಿದು ಬದುಕಿದವರು. ಗಣಿ ಬಂದಾಗ ಅವರನ್ನು ಯಾರೂ ಕೇಳಲಿಲ್ಲ. ಉದ್ಯಾನ ಬಂದಾಗಲೂ ಕೇಳಲಿಲ್ಲ. ನಿನ್ನೆವರೆಗೆ ಸೀಗೆ ಕೊಯ್ದ ಕೈಗೆ ಇದ್ದಕ್ಕಿದ್ದಂತೆ ಕಾನೂನಿನ ಭಯ. ರಸ್ತೆ ಕೇಳಿದರೆ ಅರಣ್ಯ ಕಾಯ್ದೆ, ಕರೆಂಟು ಕೇಳಿದರೆ ಅರಣ್ಯ ಕಾಯ್ದೆ. ಊರು ಬಿಡಬೇಕಾಗುತ್ತೆ ಅನ್ನುವ ಈ ಆತಂಕದ ಮೇಲೆಯೇ ನಕ್ಸಲರು ಬಂದು ಕೂತರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಎನ್‌ಕೌಂಟರ್ ಆಯಿತು, ಇಬ್ಬರು ಯುವತಿಯರು ಸತ್ತರು. ಅಲ್ಲಿಂದ ಹೆಚ್ಚೂಕಡಿಮೆ ಇಪ್ಪತ್ತು ವರ್ಷ, ಒಂದು ಕಡೆ ಬಂದೂಕು ಹಿಡಿದವರು, ಇನ್ನೊಂದು ಕಡೆ ಪೊಲೀಸರು, ನಡುವೆ ಮಲೆಕುಡಿಯರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು. ಬಂದೂಕಿನ ಸದ್ದು ಅಡಗಿತು. ಪ್ರಶ್ನೆ ಅಡಗಿತಾ?

ಹಾಗಂತ ಗಣಿ ಬೇಕಿತ್ತು ಅಂತಲೋ, ಉದ್ಯಾನ ಬೇಡ ಅಂತಲೋ ನಾನು ಹೇಳ್ತಿಲ್ಲ. ಗಣಿ ನಿಂತಿದ್ದು ನೂರಕ್ಕೆ ನೂರು ಸರಿ. ಸ್ವಂತ ಇಚ್ಛೆಯಿಂದ ಪರಿಹಾರ ಪಡೆದು, ಮಕ್ಕಳ ಶಾಲೆಗೆ, ಆಸ್ಪತ್ರೆಗೆ ಹತ್ತಿರ ಅಂತ ಕೆಳಗಿಳಿದ ಕುಟುಂಬಗಳೂ ಇವೆ. ಅದು ಅವರ ತೀರ್ಮಾನ, ಗೌರವಿಸೋಣ. ಆದರೆ ಉಳಿದವರ ಮಾತಿಗೂ ಬೆಲೆ ಇರಬೇಕಲ್ಲವೇ? 2006ರ ಅರಣ್ಯ ಹಕ್ಕು ಕಾಯ್ದೆ ಹೇಳುವುದೂ ಇದನ್ನೇ: ಕಾಡಿನವರನ್ನು ಎತ್ತಂಗಡಿ ಮಾಡುವ ಮುಂಚೆ ಅವರ ಗ್ರಾಮಸಭೆ ಒಪ್ಪಬೇಕು. ನಮ್ಮ ಚಾಮರಾಜನಗರ ಜಿಲ್ಲೆಯನ್ನೇ ನೋಡಿ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಹುಲಿಯೂ ಇದೆ, ಸೋಲಿಗರೂ ಇದ್ದಾರೆ. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಲ್ಲ?

ಕುದುರೆಮುಖದ ಮೇಲೆ ಮೂರು ನಕ್ಷೆ ಬರೆದರು. ಕಂಪನಿಯ ನಕ್ಷೆಯಲ್ಲಿ ಅದಿರಿತ್ತು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಸಿಂಗಳೀಕ ಇತ್ತು. ಪೊಲೀಸರ ನಕ್ಷೆಯಲ್ಲಿ ನಕ್ಸಲರಿದ್ದರು. ಮಲೆಕುಡಿಯರ ಮನೆ ಯಾವ ನಕ್ಷೆಯಲ್ಲಿತ್ತು ಸ್ವಾಮಿ?

ಮುಂದಿನ ಸಲ ಆ ಗುಡ್ಡ ಹತ್ತಿ ಸೆಲ್ಫಿ ತೆಗೆಯುವಾಗ ಒಂದು ನಿಮಿಷ ಕೆಳಗಿನ ಕಣಿವೆ ನೋಡಿ. ನೀವು ಕುಡಿಯುವ ನೀರು ಅಲ್ಲಿಂದ ಬರುತ್ತೆ. ಆ ನೀರಿನ ಪಕ್ಕದಲ್ಲೊಂದು ಮನೆಯೂ ಇದೆ. ಕೋತಿಗೆ ವಕೀಲರು ಸಿಕ್ಕರು, ಒಳ್ಳೆಯದಾಯಿತು. ಆ ಮನೆಯವರ ಪರ ಮಾತಾಡೋರು ಯಾರು?