ಸ್ತನ ಮರುನಿರ್ಮಾಣ: ಕೇಳಬೇಕಾದುದನ್ನು ಮೊದಲೇ ಕೇಳಿ

ಸ್ತನ ಕ್ಯಾನ್ಸರ್ ಭಾರತೀಯ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್. ಚಿಕಿತ್ಸೆಗಾಗಿ ಸ್ತನವನ್ನು ತೆಗೆಯಬೇಕಾದಾಗ ಅದನ್ನು ಪ್ಲಾಸ್ಟಿಕ್ ಸರ್ಜರಿಯ ಮೂಲಕ ಮತ್ತೆ ರೂಪಿಸಲು ಸಾಧ್ಯವಿದೆ. ಅದೇ ಶಸ್ತ್ರಚಿಕಿತ್ಸೆಯ ವೇಳೆ ಮಾಡಬಹುದು, ತಿಂಗಳುಗಳು ಅಥವಾ ವರ್ಷಗಳು ಕಳೆದ ಬಳಿಕವೂ ಮಾಡಬಹುದು. ಆದರೆ ಮೊದಲೇ ಯೋಜಿಸಿದರೆ, ರೋಗದ ಸ್ಥಿತಿ ಅನುಮತಿಸಿದಲ್ಲಿ, ಸ್ತನದ ಮೇಲಿನ ಚರ್ಮವನ್ನು ಉಳಿಸಿಕೊಳ್ಳಬಹುದು. ಇದರಿಂದ ಆಯ್ಕೆಗಳು ಹೆಚ್ಚುತ್ತವೆ, ಕಲೆಗಳು ಕಡಿಮೆಯಾಗುತ್ತವೆ.

ಆಯ್ಕೆಗಳು

ಮೊದಲನೆಯದು ಸಿಲಿಕೋನ್ ಇಂಪ್ಲಾಂಟ್. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಇದರ ಮೊದಲ ಬಳಕೆಯಾಯಿತು. ಶಸ್ತ್ರಚಿಕಿತ್ಸೆ ಕಿರಿದು, ದೇಹದ ಬೇರೆಡೆ ಗಾಯವಾಗುವುದಿಲ್ಲ. ಆದರೆ ಇಂಪ್ಲಾಂಟ್ ಜೀವನಪರ್ಯಂತ ಬಾಳುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. ಸುತ್ತಲಿನ ಅಂಗಾಂಶ ಬಿಗಿದು ಗಟ್ಟಿಯಾಗುವ ತೊಂದರೆಯೂ ಉಂಟು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದು ಹೆಚ್ಚು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಗೂ ಅಪರೂಪದ ಒಂದು ಬಗೆಯ ಲಿಂಫೋಮಾಕ್ಕೂ ನಂಟು ಕಂಡುಬಂದ ಕಾರಣ 2019ರಲ್ಲಿ ಅವುಗಳನ್ನು ಜಗತ್ತಿನಾದ್ಯಂತ ಹಿಂಪಡೆಯಲಾಯಿತು.

ಎರಡನೆಯದು ಸ್ವಂತ ಅಂಗಾಂಶದ ಬಳಕೆ. ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬು, ಇಲ್ಲವೇ ಬೆನ್ನಿನ ಸ್ನಾಯುವಿನಿಂದ ಸ್ತನವನ್ನು ರೂಪಿಸಲಾಗುತ್ತದೆ. ಸ್ಪರ್ಶಕ್ಕೆ ಸಹಜವಾಗಿರುತ್ತದೆ, ದೀರ್ಘಕಾಲ ಬಾಳುತ್ತದೆ. ಶಸ್ತ್ರಚಿಕಿತ್ಸೆ ಮಾತ್ರ ದೀರ್ಘ. ಅಂಗಾಂಶ ತೆಗೆದ ಜಾಗದಲ್ಲಿ ಮತ್ತೊಂದು ಕಲೆ ಉಳಿಯುತ್ತದೆ.

ಮರುನಿರ್ಮಾಣವೇ ಬೇಡ ಎನ್ನುವುದೂ ಸರಿಯಾದ ಆಯ್ಕೆಯೇ. ಬ್ರಾ ಒಳಗೆ ಧರಿಸುವ ಕೃತಕ ಸ್ತನಗಳು ದೊರೆಯುತ್ತವೆ.

ಚೇತರಿಕೆ

ಗಾಯದಲ್ಲಿ ಸೇರುವ ದ್ರವವನ್ನು ಹೊರಹಾಕಲು ಅಳವಡಿಸುವ ಕೊಳವೆಗಳು ಸಾಮಾನ್ಯವಾಗಿ ಒಂದೆರಡು ವಾರ ಇರುತ್ತವೆ. ಇಂಪ್ಲಾಂಟ್ ಆದವರು ಸುಮಾರು 4ರಿಂದ 6 ವಾರಗಳಲ್ಲಿ, ಹೊಟ್ಟೆಯ ಅಂಗಾಂಶ ಬಳಸಿದವರು 6ರಿಂದ 8 ವಾರಗಳಲ್ಲಿ ದಿನನಿತ್ಯದ ಕೆಲಸಗಳಿಗೆ ಮರಳಬಹುದು. ತುಂಬಿದ ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು ಇತ್ಯಾದಿಗಳಿಗೆ ವೈದ್ಯರ ಅನುಮತಿ ಅಗತ್ಯ. ಭುಜ ಬಿಗಿಯದಂತೆ ಸೂಚಿಸಿದ ವ್ಯಾಯಾಮ ತಪ್ಪಿಸಬಾರದು. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹ ಗಾಯ ಮಾಯುವುದನ್ನು ವಿಳಂಬಿಸುತ್ತವೆ. ಜ್ವರ, ಕೆಂಪೇರಿಕೆ, ಕೀವು, ಹಠಾತ್ ಊತ ಅಥವಾ ಚರ್ಮ ಕಪ್ಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮರುನಿರ್ಮಿತ ಸ್ತನದಲ್ಲಿ ಸ್ಪರ್ಶಜ್ಞಾನ ಪೂರ್ಣವಾಗಿ ಮರಳದಿರಬಹುದು ಎಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಕಲೆ

ಕಲೆ ಅಳಿಯುವುದಿಲ್ಲ, ಮಾಸುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಕೆಂಪಾಗಿ, ಉಬ್ಬಿ, ತುರಿಸುವುದು ಸಹಜ. ತಿಳಿಯಾಗಿ ಸಮತಟ್ಟಾಗಲು 12ರಿಂದ 18 ತಿಂಗಳು ಬೇಕು. ಗಾಯ ಪೂರ್ಣ ಮಾಯ್ದ ಮೇಲೆ ಸಿಲಿಕೋನ್ ಜೆಲ್ ಅಥವಾ ಹಾಳೆ ಮತ್ತು ಮೃದುವಾದ ನೀವುವಿಕೆ ನೆರವಾಗುತ್ತವೆ. ಗಾಯದ ಗಡಿ ಮೀರಿ ಬೆಳೆಯುವ ಕೀಲಾಯ್ಡ್ ಕಂದು ಮತ್ತು ಕಪ್ಪು ಚರ್ಮದವರಲ್ಲಿ ಹೆಚ್ಚು. ಕಿವಿ ಚುಚ್ಚಿಸಿದಾಗ ಅಥವಾ ಹಿಂದಿನ ಹೊಲಿಗೆಯ ಜಾಗದಲ್ಲಿ ಇಂತಹ ಗಂಟು ಬಂದಿದ್ದರೆ ಶಸ್ತ್ರಚಿಕಿತ್ಸಕರಿಗೆ ತಪ್ಪದೆ ತಿಳಿಸಬೇಕು.

ವೆಚ್ಚ

ಸೌಂದರ್ಯ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ ಎಂಬುದು ನಿಜ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಪ್ರಮಾಣಿತ ಷರತ್ತು, ಕ್ಯಾನ್ಸರ್ ನಂತರದ ಮರುನಿರ್ಮಾಣವನ್ನು ಈ ನಿರ್ಬಂಧದಿಂದ ಹೊರಗಿಟ್ಟಿದೆ. ಪಾಲಿಸಿಯ ಪತ್ರವನ್ನು ಓದಿ, ಮುಂಚಿತವಾಗಿಯೇ ಲಿಖಿತ ಒಪ್ಪಿಗೆ ಪಡೆಯುವುದು ಲೇಸು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

* ನನಗೆ ವಿಕಿರಣ ಚಿಕಿತ್ಸೆ ಬೇಕಾಗುವುದೇ?
* ಮರುನಿರ್ಮಾಣ ಈಗಲೋ, ನಂತರವೋ?
* ಕಲೆಗಳು ಎಲ್ಲೆಲ್ಲಿ ಉಳಿಯುತ್ತವೆ?
* ಒಟ್ಟು ಎಷ್ಟು ಶಸ್ತ್ರಚಿಕಿತ್ಸೆಗಳು ಬೇಕಾಗಬಹುದು?

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರಿಂದಲೂ ಉತ್ತರ ಪಡೆಯಿರಿ.